ಮಂಡಿಯೂರಿ ಕಂಡ ಚಾಂಗ್‌ಥಾಂಗ್

ಮೊದಲ ಎರಡು ದಿನ: ಲೇಹ್

ವಿಮಾನ ಇಳಿದ ದಿನವೇ ಕೆಲಸಕ್ಕೆ ತೊಡಗುವ ಹಾಗಿಲ್ಲ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಧಾರವಾಡದ ಗಾಳಿಗೆ ಒಗ್ಗಿದ ಎದೆ ಇಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತದೆ. ಮೊದಲ ದಿನವಿಡೀ ಮಲಗಿದೆವು, ನೀರು ಕುಡಿದೆವು, ಮತ್ತೆ ಮಲಗಿದೆವು. ನಾವೆಂದರೆ ಇಬ್ಬರು: ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾ ಮೂವತ್ತು ವರ್ಷ ಕಳೆದ ನಾನು, ನನ್ನಲ್ಲಿ ಓದಿ ಈಗ ಸಂಶೋಧನೆಗೆ ಇಳಿದಿರುವ ಒಬ್ಬ ಹುಡುಗಿ. ಅವಳ ಪ್ರಬಂಧಕ್ಕೆ ಪೂರ್ವ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಗಿಡಗಳ ಒಣ ಮಾದರಿಗಳು ಬೇಕಾಗಿದ್ದವು. ನನ್ನ ಆಸೆ ಬೇರೆ. ಹರ್ಬೇರಿಯಂ ಎಂಬ ಒಣಗಿಡಗಳ ಸಂಗ್ರಹದ ಹಾಳೆಗಳ ಮೇಲೆ ಕಂದು ಬಣ್ಣಕ್ಕೆ ತಿರುಗಿ ಮಲಗಿರುವ ಈ ಗಿಡಗಳನ್ನು ಎಷ್ಟೋ ಸಲ ನೋಡಿದ್ದೇನೆ, ತೋರಿಸಿದ್ದೇನೆ. ಜೀವಂತವಾಗಿ ನೆಲದ ಮೇಲೆ ಅವು ಹೇಗಿರುತ್ತವೆ ಎಂಬುದನ್ನು ಒಮ್ಮೆಯೂ ಕಂಡಿರಲಿಲ್ಲ.

ಎರಡನೆಯ ದಿನ ಅತಿಥಿಗೃಹದ ಅಂಗಳದಲ್ಲಿ ಸಾಮಾನು ಬಿಚ್ಚಿದೆವು. ಗಿಡಗಳನ್ನು ಒತ್ತಿ ಒಣಗಿಸಲು ಮರದ ಪಟ್ಟಿಗಳಿಂದ ಮಾಡಿದ ಎರಡು ಪ್ರೆಸ್, ಅವನ್ನು ಬಿಗಿಯುವ ಪಟ್ಟಿಗಳು, ಬ್ಲಾಟಿಂಗ್ ಕಾಗದ, ರಟ್ಟು, ಕಳೆ ತೆಗೆಯುವ ಕುರ್ಪಿ, ಚಾಕು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ದಾರ ಕಟ್ಟಿದ ಪುಟ್ಟ ಚೀಟಿಗಳು, ಪೆನ್ಸಿಲ್. ಪೆನ್ನು ಕೂಡದು, ಒದ್ದೆಯಾದರೆ ಶಾಯಿ ಹರಡುತ್ತದೆ. ಎಲ್ಲಕ್ಕಿಂತ ಭಾರವಾದದ್ದು ಒಂದು ವರ್ಷದಿಂದ ಮನೆಯಲ್ಲಿ ಕೂಡಿಟ್ಟಿದ್ದ ಕನ್ನಡ ದಿನಪತ್ರಿಕೆಗಳ ಕಟ್ಟು. ಕಿತ್ತ ಗಿಡವನ್ನು ಮೊದಲು ಮಲಗಿಸುವುದು ಪತ್ರಿಕೆಯ ಹಾಳೆಯ ಮಡಿಕೆಯಲ್ಲೇ. ನುಣುಪು ಕಾಗದದ ಪುರವಣಿಗಳು ತೇವ ಹೀರುವುದಿಲ್ಲವಾದ್ದರಿಂದ ಅವನ್ನು ಊರಲ್ಲೇ ಬೇರ್ಪಡಿಸಿ ಬಿಟ್ಟಿದ್ದೆ. ವನ್ಯಜೀವಿಧಾಮದೊಳಗೆ ಸಂಗ್ರಹಿಸಲು ಬೇಕಾದ ಅನುಮತಿ ಪತ್ರದ ನಾಲ್ಕು ಪ್ರತಿಗಳನ್ನು ನಾಲ್ಕು ಕಡೆ ಇಟ್ಟುಕೊಂಡೆವು. ಅದರಲ್ಲಿ ಬರೆದ ಷರತ್ತುಗಳಿಗಿಂತ ಕಟ್ಟುನಿಟ್ಟಾದ ನಿಯಮ ಒಂದು ನಮ್ಮ ಕಸುಬಿನಲ್ಲೇ ಇದೆ: ಕಣ್ಣಳತೆಯಲ್ಲಿ ಇಪ್ಪತ್ತು ಗಿಡಗಳಿದ್ದರೆ ಒಂದನ್ನು ತೆಗೆಯಬಹುದು, ಇಲ್ಲದಿದ್ದರೆ ಚಿತ್ರ ತೆಗೆದು ಮುಂದೆ ಹೋಗಬೇಕು. ಈ ಮಾತನ್ನು ಎಷ್ಟು ತಂಡಗಳಿಗೆ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಅದನ್ನು ನಾನೇ ಮುರಿದ ಕಥೆಯೂ ಈ ಬರಹದಲ್ಲಿದೆ.

ಸಂಜೆ ನಿಧಾನವಾಗಿ ನಡೆದು ಫರ್ಡಿನಾಂಡ್ ಸ್ಟೊಲಿಚ್ಕಾ ಅವರ ಸ್ಮಾರಕ ನೋಡಿ ಬಂದೆವು. ಮೊರಾವಿಯಾದಲ್ಲಿ ಹುಟ್ಟಿ, ಭಾರತದಲ್ಲಿ ಭೂವಿಜ್ಞಾನಿಯಾಗಿ ದುಡಿದವರು. 1874ರ ಜೂನ್ ತಿಂಗಳಲ್ಲಿ ಕಾರಾಕೋರಂ ದಾಟಿ ಹಿಂತಿರುಗುವಾಗ ದಾರಿಯಲ್ಲೇ ತೀರಿಕೊಂಡರು. ಆಗ ಅವರಿಗೆ 36 ವರ್ಷ. ಅವರ ಹೆಸರು ಹೊತ್ತ ಗಿಡವೊಂದು ಇದೇ ಬೆಟ್ಟಗಳಲ್ಲಿದೆ, ಅಲ್ಲಾರ್ಡಿಯಾ ಸ್ಟೊಲಿಚ್ಕೈ. ಅವರಿಗಿಂತ ಮೊದಲೇ, 1848ರಲ್ಲಿ, ಥಾಮಸ್ ಥಾಮ್ಸನ್ ಎಂಬ ವೈದ್ಯರು ಗಿಡ ಸಂಗ್ರಹಿಸುತ್ತಲೇ ಕಾರಾಕೋರಂ ಕಣಿವೆಮಾರ್ಗದವರೆಗೆ ಹೋಗಿದ್ದರು. ಈ ಎತ್ತರದಲ್ಲಿ ಒಂದು ಸಂಜೆ ನಡೆದಾಡಿದ ಮೇಲೆ, ಕುದುರೆ ಮತ್ತು ಯಾಕ್‌ಗಳ ಬೆನ್ನಿನ ಮೇಲೆ ಕಾಗದದ ಕಟ್ಟುಗಳನ್ನು ಒಣಗಿಸಿಕೊಂಡೇ ಸಾಗಿದ ಆ ಜನರ ಬಗ್ಗೆ ನನ್ನ ಗೌರವ ಇಮ್ಮಡಿಯಾಯಿತು.

ಮೂರನೆಯ ದಿನ: ರುಮ್‌ತ್ಸೆ, ತಗ್ಲಾಂಗ್ ಲಾ

ಬೆಳಿಗ್ಗೆ ಆರಕ್ಕೆ ಹೊರಟೆವು. ಸಿಂಧೂ ನದಿಯ ಪಕ್ಕದಲ್ಲೇ ಉಪ್ಷಿವರೆಗೆ ಬಂದು, ಅಲ್ಲಿ ಮನಾಲಿಯ ಹೆದ್ದಾರಿಗೆ ತಿರುಗಿ, ನೇರಳೆ ಮತ್ತು ಪಾಚಿಹಸಿರು ಬಂಡೆಗಳ ನಡುವೆ ಗ್ಯಾ ಹಳ್ಳಿ ದಾಟಿದೆವು. ನಮ್ಮ ಚಾಲಕರು ಲೇಹ್ ಸಮೀಪದವರು, ಐವತ್ತರ ಆಸುಪಾಸು. ಎಲ್ಲರಂತೆ ನಾವೂ ಅವರನ್ನು "ಆಚೊ-ಲೇ" ಎಂದೆವು, ಅಂದರೆ ಅಣ್ಣ. ಅವರು ನನ್ನನ್ನು ಮೇಡಂಜೀ ಎನ್ನುತ್ತಿದ್ದರು.

ರುಮ್‌ತ್ಸೆ ದಾಟಿದ ಮೇಲೆ ಒಣ ಇಳಿಜಾರಿನಲ್ಲಿ ಮೊದಲ ಸಲ ಗಾಡಿ ನಿಲ್ಲಿಸಿದೆವು. ದೂರಕ್ಕೆ ಬರೀ ಕಲ್ಲು. ಇಳಿದು ಹತ್ತು ಹೆಜ್ಜೆ ಇಟ್ಟರೆ ಕಲ್ಲುಗಳ ನಡುವೆ ಗುಲಾಬಿ ಬಣ್ಣದ ದಿಂಬುಗಳು: ಅಕಾಂಥೊಲಿಮೊನ್. ಎಲೆಗಳೆಲ್ಲ ಸೂಜಿ. ಕೈಗವಸಿನ ಮೂಲಕವೂ ಚುಚ್ಚುತ್ತದೆ, ಪತ್ರಿಕೆಯ ಹಾಳೆಯನ್ನೂ ತೂತು ಮಾಡುತ್ತದೆ. ಮೇಲೆ ನಾಲ್ಕು ಬೆರಳು ಎತ್ತರವೂ ಇಲ್ಲದ ಗಿಡದ ಬೇರನ್ನು ಹಿಡಿದು ಕುರ್ಪಿಯಿಂದ ಕೆದಕುತ್ತಾ ಹೋದೆ. ಒಂದು ಗೇಣು, ಒಂದೂವರೆ ಗೇಣು, ಆಮೇಲೂ ಮುಗಿಯಲಿಲ್ಲ. ಅಲ್ಲಿಗೆ ಕತ್ತರಿಸಿ "ಬೇರು ಇನ್ನೂ ಆಳಕ್ಕೆ ಇದೆ" ಎಂದು ಪುಸ್ತಕದಲ್ಲಿ ಬರೆದೆ. ಇಲ್ಲಿಯ ಗಿಡಗಳು ಬಾಳುವುದು ನೆಲದಡಿಯಲ್ಲೇ. ಗಾಳಿಯ ಕೈಗೆ ಸಿಗದಂತೆ, ಬಿಸಿಲಿಗೆ ಕಾದ ಮಣ್ಣಿನ ಬಿಸಿ ತಪ್ಪದಂತೆ, ಮೇಲಿನ ಮೈಯನ್ನು ಆದಷ್ಟು ಕುಗ್ಗಿಸಿಕೊಂಡಿರುತ್ತವೆ. ನಾವು ಚಿಕ್ಕದು ಎಂದು ಕರೆಯುವುದು ಅದರ ಮುಕ್ಕಾಲು ಪಾಲನ್ನು ನೋಡದೆಯೇ.

ಲಾ ಎಂದರೆ ಕಣಿವೆಮಾರ್ಗ. ತಗ್ಲಾಂಗ್ ಲಾ 5,300 ಮೀಟರಿಗೂ ಮೇಲಿದೆ. ಜನ ಅಲ್ಲಿ ಫಲಕದ ಮುಂದೆ ಚಿತ್ರ ತೆಗೆಸಿಕೊಂಡು ಐದು ನಿಮಿಷದಲ್ಲಿ ಇಳಿದುಹೋಗುತ್ತಾರೆ. ನಾವು ರಸ್ತೆಯಿಂದ ಇನ್ನೂರು ಮೀಟರ್ ಆಚೆ ಹೋಗಿ ಮಂಡಿಯೂರಿದೆವು. ಜಾರುವ ಚೂರುಗಲ್ಲುಗಳ ನಡುವೆ ಅಲ್ಲಾರ್ಡಿಯಾ ಟ್ರೈಡ್ಯಾಕ್ಟಿಲೈಟಿಸ್ ಅರಳಿತ್ತು. ಸೇವಂತಿಗೆಯ ಕುಟುಂಬದ್ದು; ನಡುವೆ ಹಳದಿ, ಸುತ್ತ ತಿಳಿಗುಲಾಬಿ, ಎಲೆಯ ತುದಿಯಲ್ಲಿ ಮೂರು ಸೀಳು. ಮೂರು ಬೆರಳು ಎಂಬ ಅರ್ಥದ ಹೆಸರು ಅದಕ್ಕೆ ಬಂದದ್ದು ಆ ಸೀಳುಗಳಿಂದ. ಎಲೆ ಹೊಸಕಿದರೆ ಘಮ್ಮೆನ್ನುವ ಕಟುವಾಸನೆ. ನನ್ನ ಕಾಲೇಜಿನ ಹಾಳೆಯಲ್ಲಿ ಇದೇ ಗಿಡ ಹುಲ್ಲಿನ ಬಣ್ಣಕ್ಕೆ ಇಳಿದಿದೆ, ವಾಸನೆಯ ಸುಳಿವೂ ಇಲ್ಲ. ಕಾಗದ ಉಳಿಸಿಕೊಡುವುದು ಆಕಾರವನ್ನು ಮಾತ್ರ. ಬಣ್ಣ, ವಾಸನೆ, ಸುತ್ತಲಿನ ಕಲ್ಲು, ಇಳಿಜಾರಿನ ದಿಕ್ಕು ಇವೆಲ್ಲ ಉಳಿಯುವುದು ಆ ಕ್ಷಣದಲ್ಲಿ ಪೆನ್ಸಿಲಿನಿಂದ ಬರೆದಿಟ್ಟರೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ಮರಗಟ್ಟಿತು. ಹುಡುಗಿಗೆ ತಲೆನೋವು ಶುರುವಾಗಿದ್ದರಿಂದ ಹೆಚ್ಚು ಹೊತ್ತು ನಿಲ್ಲದೆ ಇಳಿದೆವು. ಒಂದೊಂದು ಸಂಗ್ರಹಕ್ಕೂ ಒಂದೊಂದು ಸಂಖ್ಯೆ; ಅಂದಿನ ಲೆಕ್ಕ 17 ಸಂಖ್ಯೆಗಳು.

ನಾಲ್ಕನೆಯ ದಿನ: ತ್ಸೊ ಕಾರ್

ತ್ಸೊ ಎಂದರೆ ಸರೋವರ, ಕಾರ್ ಎಂದರೆ ಬಿಳಿ. 4,500 ಮೀಟರ್ ಎತ್ತರದಲ್ಲಿ, ಹೊರಕ್ಕೆ ಹರಿಯುವ ದಾರಿಯಿಲ್ಲದೆ ನೀರು ಆವಿಯಾಗುತ್ತಾ ಬಂದು ದಂಡೆಗೆಲ್ಲ ಉಪ್ಪಿನ ಹಪ್ಪಳೆ ಕಟ್ಟಿದೆ. ಹಿಂದೆ ಚಾಂಗ್‌ಪಾ ಪಶುಪಾಲಕರು ಈ ಉಪ್ಪನ್ನು ಕುರಿಗಳ ಮೇಲೆ ಹೇರಿಕೊಂಡು ಹೋಗಿ ಧಾನ್ಯಕ್ಕೆ ಮಾರುತ್ತಿದ್ದರು. 2020ರಲ್ಲಿ ರಾಮ್ಸಾರ್ ಎಂಬ, ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ಪಟ್ಟಿಗೆ ಸೇರಿದ ಜೌಗು ಪ್ರದೇಶ ಇದು. ದೂರದಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡು, ನೀರಿನಂಚಿನಲ್ಲಿ ಕಪ್ಪುಕತ್ತಿನ ಕೊಕ್ಕರೆಗಳ ಒಂದು ಜೋಡಿ. ಗಾಡಿಯವರೆಲ್ಲ ದೂರದರ್ಶಕ ಹಿಡಿದು ಅತ್ತ ನೋಡುತ್ತಿದ್ದರೆ ನಾವಿಬ್ಬರು ಕಾಲ ಬಳಿ ನೋಡುತ್ತಾ ನಡೆದೆವು.

ಉಪ್ಪಿನ ಕೆಸರಿನಲ್ಲಿ ಗ್ಲಾಕ್ಸ್ ಹಬ್ಬಿತ್ತು. ಕಡಲ ತೀರದ ಉಪ್ಪು ಜವುಗಿನಲ್ಲಿ ಬೆಳೆಯುವ ಗಿಡ, ಕಡಲಿನಿಂದ ಇಷ್ಟು ದೂರ, ಇಷ್ಟು ಎತ್ತರದಲ್ಲೂ ನೆಲೆಯೂರಿದೆ. ಉಪ್ಪು ಸಿಕ್ಕರೆ ಸಾಕು ಅದಕ್ಕೆ. ಭೂತಗನ್ನಡಿಯಲ್ಲಿ ನೋಡಿದ ಹುಡುಗಿ, "ಮೇಡಂ, ದಳಗಳೇ ಇಲ್ಲವಲ್ಲ!" ಎಂದಳು. ನಿಜ, ಗ್ಲಾಕ್ಸ್‌ಗೆ ದಳಗಳಿಲ್ಲ. ಹೂವಿನಂತೆ ಕಾಣುವ ಆ ಗುಲಾಬಿ ಬಣ್ಣ ಪುಷ್ಪಪಾತ್ರೆಯದು, ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚುವ ಭಾಗದ್ದು. ಪುಸ್ತಕದಲ್ಲಿ ಓದಿ ಪರೀಕ್ಷೆಗೆ ಬರೆದಿದ್ದ ಸಂಗತಿಯನ್ನು ಕಣ್ಣಾರೆ ಕಂಡಾಗ ಅವಳ ಮುಖದಲ್ಲಿ ಮೂಡಿದ ಬೆಳಕು ಕಂಡು ನನ್ನ ತಲೆನೋವೂ ಮರೆತುಹೋಯಿತು. ಪಕ್ಕದಲ್ಲೇ ಹಳದಿ ಹೂವಿನ ಹಾಲರ್ಪೆಸ್ಟಿಸ್, ದಾರದಂಥ ಬಳ್ಳಿ ಚಾಚಿ ಬೇರು ಬಿಡುತ್ತಾ ಸಾಗಿತ್ತು. ಇಂಥದನ್ನು ಕೀಳುವಾಗ ಎರಡು ಗಿಡಗಳನ್ನು ಕೂಡಿಸಿದ ಬಳ್ಳಿ ತುಂಡಾಗದಂತೆ ಮಣ್ಣು ಸಮೇತ ಎತ್ತಿ, ನೀರಿನಲ್ಲಿ ಅದ್ದಿ ಅಲುಗಾಡಿಸಿ, ಮಣ್ಣು ತಾನಾಗಿ ಬಿಡುವವರೆಗೆ ಕಾಯಬೇಕು. ಆ ನೀರು ಕೊರೆಯುತ್ತದೆ. ಬೇರೆ ದಾರಿಯಿಲ್ಲ.

ಒಣ ಮರಳಿನಲ್ಲಿ ಸಿಕ್ಕ ಆಕ್ಸಿಟ್ರೋಪಿಸ್ ಮೈಕ್ರೋಫಿಲ್ಲಾ ಬೇರೆ ರೀತಿಯ ತೊಂದರೆ ಕೊಟ್ಟಿತು. ಹೂವು ನೇರಳೆಗುಲಾಬಿ, ಎಲೆ ಮಣಿಮಣಿಯಾಗಿ ಅಂದ. ಆದರೆ ಮೈಯೆಲ್ಲ ಅಂಟು. ಪತ್ರಿಕೆಗೆ ಅಂಟಿದರೆ ಒಣಗಿದ ಮೇಲೆ ಬಿಡಿಸುವಾಗ ಹರಿಯುತ್ತದೆ. ಬೆಣ್ಣೆ ಕಾಗದದ ನಡುವೆ ಇಟ್ಟು ಒತ್ತಿದೆವು. ಹೂವಿನ ಜೊತೆಗೆ ಕಾಯಿಯಿದ್ದ ಗಿಡವನ್ನೇ ಹುಡುಕಿ ತೆಗೆದೆವು, ಏಕೆಂದರೆ ಕಾಯಿ ಇಲ್ಲದೆ ಈ ಗುಂಪಿನ ಗಿಡಗಳನ್ನು ಹೆಸರಿಸುವುದು ಕಷ್ಟ.

ರಾತ್ರಿ ಡೇರೆಯಲ್ಲಿ ಪ್ರೆಸ್ ಬಿಚ್ಚಿದಾಗ ನನಗೆ ನಂಬಲಾಗಲಿಲ್ಲ. ಹಿಂದಿನ ದಿನದ ಗಿಡಗಳು ಆಗಲೇ ಮುಕ್ಕಾಲು ಒಣಗಿದ್ದವು. ಸಹ್ಯಾದ್ರಿಯ ಮಳೆಗಾಲದಲ್ಲಿ, ಜೋಯಿಡಾ ಕಡೆಯ ಕಾಡುಗಳಲ್ಲಿ, ದಿನಕ್ಕೆ ಎರಡು ಸಲ ಕಾಗದ ಬದಲಿಸಿ, ಸೀಮೆಎಣ್ಣೆ ಒಲೆಯ ಮೇಲೆ ಪ್ರೆಸ್ ತೂಗುಹಾಕಿ ರಾತ್ರಿಯಿಡೀ ಕಾದರೂ ಬೆಳಿಗ್ಗೆ ಬೂಷ್ಟು ಹಿಡಿದ ಹಾಳೆಗಳನ್ನು ಎಸೆದದ್ದು ನೆನಪಾಯಿತು. ಇಲ್ಲಿ ಗಾಳಿಯಲ್ಲಿ ತೇವವೇ ಇಲ್ಲ. ಹೂವಿನ ನೀಲಿ ಕೂಡ ಬೇಗ ಒಣಗಿದ್ದರಿಂದ ಹೆಚ್ಚು ಮಾಸಿರಲಿಲ್ಲ. ಅಂಚಿನಲ್ಲಿ ಕುಳಿತಿದ್ದ ಆಚೊ-ಲೇ ಹಾಳೆಯ ಅಕ್ಷರಗಳನ್ನು ಬೆರಳಿನಿಂದ ಸವರಿ ಯಾವ ಲಿಪಿ ಎಂದು ಕೇಳಿದರು. ಅದು ಕನ್ನಡ, ಇದು ನಮ್ಮೂರಿನ ಮಳೆಯ ಸುದ್ದಿ ಎಂದೆ. ಮಲಪ್ರಭೆ ತುಂಬಿ ಹರಿದ ಸುದ್ದಿಯ ಮೇಲೆ ಮರುಭೂಮಿಯ ಗಿಡ ಮಲಗಿತ್ತು.

ಐದನೆಯ ದಿನ: ಪೊಲೊಕೊಂಗ್ಕಾ ಲಾ

ತ್ಸೊ ಕಾರಿನಿಂದ ಪೂರ್ವಕ್ಕೆ ಹೊರಟು ಪೊಲೊಕೊಂಗ್ಕಾ ಲಾ ಏರಿದೆವು. ಹೆಚ್ಚುಕಡಿಮೆ 5,000 ಮೀಟರ್. ಅಂದು ಗಾಳಿ ಬೆಳಿಗ್ಗೆಯಿಂದಲೇ ಬೀಸುತ್ತಿತ್ತು.

ಮಾರ್ಗದ ಎರಡು ಬದಿಗಳಲ್ಲಿ ಡ್ರಾಬಾ ಸಿಕ್ಕಿತು. ಸಾಸಿವೆಯ ಕುಟುಂಬದಲ್ಲಿ ಅತಿ ಹೆಚ್ಚು ಪ್ರಭೇದಗಳಿರುವ ಗುಂಪು ಡ್ರಾಬಾ, ಮತ್ತು ಬೇರ್ಪಡಿಸುವುದಕ್ಕೆ ಕಾಡಿಸುವ ಗುಂಪೂ ಹೌದು. ಗಿಡ ಬೆರಳಿನ ಉಗುರಿನಷ್ಟು. ಅದರ ಮೇಲೆ ಗುಂಡುಸೂಜಿಯ ತಲೆಯಂಥ ಬಿಳಿ ಹೂವುಗಳು. ಎಲೆಯ ಮೇಲಿನ ರೋಮ ಸರಳವೋ, ಕವಲೊಡೆದದ್ದೋ, ನಕ್ಷತ್ರದ ಆಕಾರದ್ದೋ ಎಂದು ನೋಡಬೇಕು. ಕಾಯಿಯ ಆಕಾರ ಅಳೆಯಬೇಕು. ಉತ್ತರದ ಬದಿಯಲ್ಲಿ, ಕರಗುತ್ತಿದ್ದ ಹಿಮದ ಕೆಳಗಿನ ಒದ್ದೆ ನೆಲದಲ್ಲಿ ಇದ್ದದ್ದಕ್ಕೆ 41 ಎಂದು ಸಂಖ್ಯೆ ಕೊಟ್ಟೆ. ದಕ್ಷಿಣದ ಒಣ ಚೂರುಗಲ್ಲಿನಲ್ಲಿ ಇದ್ದದ್ದು 42. ಭೂತಗನ್ನಡಿಯಲ್ಲಿ ಎರಡೂ ಒಂದೇ ಥರ. ಒಂದೇ ಪ್ರಭೇದ ಎರಡು ಬಗೆಯ ನೆಲದಲ್ಲಿ ಬೆಳೆದಿದೆಯೋ, ಅಥವಾ ಇವು ಎರಡು ಬೇರೆಯೋ? ಇದೇ ಅವಳ ಪ್ರಬಂಧಕ್ಕೆ ಬೇಕಾಗಿದ್ದ ಪ್ರಶ್ನೆ. ಎರಡೂ ಕಡೆ ಎರಡೆರಡು ಗಿಡ ತೆಗೆದೆವು.

ದಕ್ಷಿಣದ ಬದಿಯಲ್ಲಿ ನಾನು ಎಣಿಸಲಿಲ್ಲ. ಬಂಡೆಯ ಆಚೆ ಇನ್ನೂ ಇರುತ್ತವೆ ಎಂದುಕೊಂಡೆ. ಗಾಳಿ ಕಣ್ಣು ಬಿಡಲು ಕೊಡುತ್ತಿರಲಿಲ್ಲ, ಕೈ ಸೆಟೆದಿತ್ತು. ಚೀಟಿಯ ದಾರ ಕಟ್ಟಲು ಆ ಗಿಡಕ್ಕೆ ಕಾಂಡವೇ ಇಲ್ಲದ್ದರಿಂದ ಚೀಟಿಯನ್ನು ಮಡಿಕೆಯೊಳಗೆ ಬಿಡಿಯಾಗಿ ಇಟ್ಟೆ. ಇಂಥ ಹೊತ್ತಿನಲ್ಲಿ ಪತ್ರಿಕೆಯ ಅಂಚಿನಲ್ಲೂ ಸಂಖ್ಯೆ ಬರೆಯಬೇಕು. ಬರೆಯಲಿಲ್ಲ.

ಪುಗಾ ಕಣಿವೆಯಲ್ಲಿ ಸಂಜೆ ಗಿಡಗಳನ್ನು ಚಿಕ್ಕ ಪ್ರೆಸ್ಸಿನಿಂದ ದೊಡ್ಡದಕ್ಕೆ ವರ್ಗಾಯಿಸುವಾಗ ಗಾಳಿ ಒಂದೇ ಏಟಿಗೆ ಮೇಲಿನ ಎರಡು ಮಡಿಕೆಗಳನ್ನು ಹಾರಿಸಿತು. ನಾಲ್ಕು ಪುಟ್ಟ ಗಿಡಗಳು ಮತ್ತು ಎರಡು ಚೀಟಿಗಳು ನೆಲದ ಮೇಲೆ ಬಿದ್ದವು. ಎಲ್ಲವನ್ನೂ ಹೆಕ್ಕಿ ತಂದೆವು. ಆದರೆ ಯಾವುದು ಯಾವುದು?

"ಮೇಡಂ, ಬೇರಿನಲ್ಲಿ ಕಪ್ಪು ಮಣ್ಣು ಉಳಿದಿರುವುದು 41 ಇರಬೇಕು," ಎಂದಳು ಹುಡುಗಿ.

"ನಾಲ್ಕರಲ್ಲೂ ಮಣ್ಣಿದೆ, ನೋಡು."

ನೋಡಿದಳು. ಸುಮ್ಮನಾದಳು. ಇನ್ನೂರು ವರ್ಷ ಬಾಳುವ ಹಾಳೆಯ ಮೇಲೆ "ಇರಬೇಕು" ಎಂಬುದನ್ನು ಬರೆಯುವ ಹಾಗಿಲ್ಲ. ಮುಂದೆ ಯಾರೋ, ನಾವು ಯಾರೆಂದೇ ತಿಳಿಯದವರು, ಆ ಚೀಟಿಯನ್ನು ನಂಬಿ ತಮ್ಮ ಮಾತು ಕಟ್ಟುತ್ತಾರೆ. ನಾಲ್ಕನ್ನೂ ಒಂದು ಲಕೋಟೆಗೆ ಹಾಕಿ "ಸ್ಥಳ ತಿಳಿಯದು, ಪಾಠಕ್ಕೆ" ಎಂದು ಬರೆದೆ. ಆ ರಾತ್ರಿ ನಿದ್ರೆ ಹತ್ತಲಿಲ್ಲ. ಎತ್ತರದ್ದು ಕಾಲು ಭಾಗ, ಮಿಕ್ಕದ್ದು ಇದು.

ಆರನೆಯ ದಿನ: ಮತ್ತೆ ಲಾ, ಆಮೇಲೆ ಪುಗಾ

ಬೆಳಿಗ್ಗೆ ಆಚೊ-ಲೇ ಅವರನ್ನು ಹಿಂದಕ್ಕೆ ಹೋಗೋಣವೇ ಎಂದು ಕೇಳಿದೆ. ಕಾರಣ ಕೇಳದೆ ಗಾಡಿ ತಿರುಗಿಸಿದರು. ಉತ್ತರದ ಒದ್ದೆ ನೆಲದಲ್ಲಿ ಡ್ರಾಬಾ ನೂರಕ್ಕೂ ಹೆಚ್ಚಿತ್ತು. ಎರಡು ಗಿಡ ತೆಗೆದು 47 ಎಂದು ಹೊಸ ಸಂಖ್ಯೆ ಕೊಟ್ಟು, ಚೀಟಿಯಲ್ಲೂ ಕಾಗದದ ಅಂಚಿನಲ್ಲೂ ಬರೆದೆ. ದಕ್ಷಿಣದಲ್ಲಿ ಇಬ್ಬರೂ ಮೊಣಕಾಲೂರಿ ಸಾಲುಸಾಲಾಗಿ ಎಣಿಸಿದೆವು. ಬಂಡೆಯ ಆಚೆಯೂ ಹುಡುಕಿದೆವು. ಆಚೆ ಏನೂ ಇರಲಿಲ್ಲ. ಒಟ್ಟು ಹದಿನಾಲ್ಕು ಗಿಡಗಳು, ಮತ್ತು ನಿನ್ನೆ ನಾನು ಕಿತ್ತ ಎರಡು ಸಣ್ಣ ಗುಳಿಗಳು.

ಹುಡುಗಿ ನನ್ನ ಮುಖ ನೋಡಿದಳು. ಅವಳಿಗೆ ಆ ಮಾದರಿ ಬೇಕು ಎಂಬುದು ನನಗೆ ಗೊತ್ತು. ಕೇಳಬಾರದು ಎಂಬುದು ಅವಳಿಗೆ ಗೊತ್ತು. ಅಳತೆಪಟ್ಟಿ ಇಟ್ಟು ಚಿತ್ರ ತೆಗೆದೆವು, ಎಲೆ ಕೀಳದೆಯೇ ಭೂತಗನ್ನಡಿಯಲ್ಲಿ ರೋಮ ನೋಡಿ ಗೆರೆಚಿತ್ರ ಬರೆದೆವು, ಗುಳಿಗಳಿಗೆ ಮಣ್ಣು ತುಂಬಿ ಎದ್ದೆವು.

ಪುಗಾಕ್ಕೆ ಮರಳಿದಾಗ ಬಿಸಿಲು ಏರಿತ್ತು. ಹಳದಿ ಗಂಧಕ, ಬಿಳಿ ಬೊರಾಕ್ಸ್, ನೆಲದಿಂದ ಕುದಿಯುತ್ತಾ ಚಿಮ್ಮುವ ನೀರು. ಈ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಬಿಸಿನೀರಿನ ತೊರೆ ಹರಿದ ಕಡೆಯೆಲ್ಲ ಹಸಿರು ಹುಲ್ಲುಗಾವಲು, ಅದರಲ್ಲಿ ಪೆಡಿಕ್ಯುಲಾರಿಸ್ ಲಾಂಗಿಫ್ಲೋರಾ ಹಳದಿ ಚಾಪೆ ಹಾಸಿದಂತೆ. ಹೂವಿನ ಕೊಳವೆ ಬೆರಳುದ್ದ, ಮೇಲಿನ ತುಟಿ ಸುರುಳಿ ಸುತ್ತಿದ ಕೊಕ್ಕಿನ ಹಾಗೆ, ಗಂಟಲಿನಲ್ಲಿ ಎರಡು ಕೆಂಗಂದು ಚುಕ್ಕೆ. ಅಲ್ಲಿಯವರು ಇದನ್ನು ಔಷಧಿಗೆ ಬಳಸುತ್ತಾರೆ; ಆಚೊ-ಲೇ ಹೇಳಿದ ಹೆಸರು ಲುಗ್ರೊ ಸೆರ್ಪೊ. ಇದು ಅರೆಪರಾವಲಂಬಿ, ಬೇರಿನಿಂದ ಪಕ್ಕದ ಹುಲ್ಲಿನ ಬೇರಿಗೆ ಬಾಯಿ ಹಾಕಿರುತ್ತದೆ. ಆದ್ದರಿಂದ ಹುಲ್ಲನ್ನೂ ಸೇರಿಸಿ ಎತ್ತಿದೆವು, ಆ ನಂಟು ಹಾಳೆಯ ಮೇಲೂ ಕಾಣಲಿ ಎಂದು.

ಅಲ್ಲೇ ಹುಲ್ಲಿನ ನಡುವೆ ಜೆನ್ಶಿಯಾನಾ ಲ್ಯೂಕೊಮೆಲೇನಾ, ಎರಡು ಮೂರು ಸೆಂಟಿಮೀಟರಿನ ಗಿಡ. ತಿಳಿನೀಲಿ ಹೂವು ಬಿಸಿಲಿಗೆ ನಕ್ಷತ್ರದಂತೆ ಬಿಚ್ಚಿಕೊಂಡಿತ್ತು. ಒಂದು ಮೋಡ ಸರಿದುಬಂತು. ನೋಡನೋಡುತ್ತಿದ್ದಂತೆ ಹೂವುಗಳೆಲ್ಲ ಮುಚ್ಚಿಕೊಂಡು ಹುಲ್ಲಿನಲ್ಲಿ ಮಾಯವಾದವು. ನೆಲದಲ್ಲಿ ಹೂವಿತ್ತು ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ. ಮುಚ್ಚಿದ ಹೂವನ್ನು ಒತ್ತಿದರೆ ಒಳಗಿನ ಭಾಗಗಳು ಕಾಣುವುದಿಲ್ಲ, ಹಾಗಾಗಿ ಮೋಡ ಸರಿಯುವವರೆಗೆ ತೆರೆದ ಪ್ರೆಸ್ ಹಿಡಿದು ಕುಳಿತೆವು. ಬಿಸಿಲು ಬಂದ ಕೆಲವು ನಿಮಿಷಕ್ಕೆ ಮತ್ತೆ ಒಂದೊಂದಾಗಿ ತೆರೆದವು. ಕಿತ್ತ ಗಿಡವನ್ನು ಕೈಯಿಂದ ಕೈಗೆ ದಾಟಿಸಿ, ಅರಳಿದ್ದಾಗಲೇ ಮಲಗಿಸಿ ಒತ್ತಿದೆವು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಹಾಳೆ ಅದು.

ಸಂಜೆ ನಾಮ್ಷಾಂಗ್ ಲಾ ದಾಟಿ ಕೊರ್ಜೋಕ್ ತಲುಪಿದಾಗ ತ್ಸೊ ಮೊರಿರಿ ಮಸಿಯಂಥ ನೀಲಿಯಾಗಿತ್ತು.

ಏಳನೆಯ ದಿನ: ಕೊರ್ಜೋಕ್ ಮೇಲಿನ ಹುಲ್ಲುಗಾವಲು

ಊರಿನ ಹಿಂದೆ ಎದ್ದಿರುವ ಹಿಮಪರ್ವತದ ಹೆಸರು ಮೆಂತೋಕ್ ಕಾಂಗ್ರಿ. ಮೆಂತೋಕ್ ಎಂದರೆ ಹೂವು. ಆ ಹೆಸರಿಟ್ಟವರು ಹೂವನ್ನು ಎಲ್ಲಿ ಕಂಡಿದ್ದರೋ, ನಾವು ಮಾತ್ರ ಹತ್ತಿದಷ್ಟೂ ಕಂಡೆವು. ಪೂರ್ವ ಲಡಾಖಿನ ಬೆಟ್ಟಗಳಲ್ಲಿ 6,150 ಮೀಟರ್ ಎತ್ತರದಲ್ಲೂ ಆರು ಪ್ರಭೇದದ ಹೂಗಿಡಗಳು ಬೆಳೆಯುತ್ತಿರುವುದನ್ನು ಚೆಕ್ ಸಸ್ಯವಿಜ್ಞಾನಿಗಳು ದಾಖಲಿಸಿದ್ದಾರೆ. ಅದರಲ್ಲಿ ಒಂದರ ಹೆಸರು ಲಡಾಕಿಯೆಲ್ಲಾ ಕ್ಲಿಮೆಶಿ. ವರ್ಷ ವರ್ಷವೂ ಇಲ್ಲಿಗೆ ಬಂದು ಗಿಡಗಳನ್ನು ಕಲೆಹಾಕಿದ ಲಿಯೋಶ್ ಕ್ಲಿಮೆಶ್ ಅವರ ಹೆಸರು ಅದು. 2009ರಲ್ಲಿ ಲಡಾಖಿನ ಬೆಟ್ಟಗಳಿಗೆ ಹೋದವರು ಹಿಂತಿರುಗಲೇ ಇಲ್ಲ. ಆ ಗಿಡ ನಮಗೆ ಸಿಗಲಿಲ್ಲ; ಅಷ್ಟು ಎತ್ತರಕ್ಕೆ ಹೋಗುವ ಶಕ್ತಿಯೂ ನನ್ನಲ್ಲಿರಲಿಲ್ಲ.

ಸಿಕ್ಕದ್ದು ಥೈಲಕೊಸ್ಪರ್ಮಮ್. 5,000 ಮೀಟರ್ ದಾಟಿದ ಮೇಲೆ ಇಳಿಜಾರಿನಲ್ಲಿ ಹಸಿರು ಬಂಡೆಗಳು ಎಂದುಕೊಂಡದ್ದು ಹತ್ತಿರ ಹೋದರೆ ಗಿಡ! ಲಕ್ಷಾಂತರ ಪುಟ್ಟ ಎಲೆಗಳು ಇಟ್ಟಿಗೆಯಂತೆ ಒಂದಕ್ಕೊಂದು ಒತ್ತಿಕೊಂಡು ಗುಮ್ಮಟ ಕಟ್ಟಿವೆ. ಬೆರಳಿನಿಂದ ತಟ್ಟಿದರೆ ಹಲಗೆ ತಟ್ಟಿದ ಸದ್ದು. ದೊಡ್ಡದೊಂದು ನಮ್ಮ ಮನೆಯ ರಾಗಿ ಬೀಸುವ ಕಲ್ಲಿಗಿಂತ ಅಗಲವಾಗಿತ್ತು. ಇಂಥ ದಿಂಬುಗಿಡಗಳ ಬೆಚ್ಚನೆಯ ಮೈಮೇಲೆ ಬೇರೆ ಗಿಡಗಳು ಆಸರೆ ಪಡೆಯುತ್ತವೆ ಎಂದು ಬೇರೆ ಪರ್ವತಗಳಲ್ಲಿ ಕಂಡುಕೊಂಡಿದ್ದಾರೆ. ಲಡಾಖಿನಲ್ಲಿ ಈ ಗಿಡವನ್ನೇ ಅಭ್ಯಾಸ ಮಾಡಿದವರಿಗೆ ಅಂಥ ಆಸರೆ ಕಾಣಲಿಲ್ಲ. ನಾವೂ ಹನ್ನೊಂದು ಗುಮ್ಮಟಗಳನ್ನು ಸುತ್ತಿ ನೋಡಿದೆವು. ಒಂದರ ಬಿರುಕಿನಲ್ಲಿ ಹುಲ್ಲಿನ ಎಸಳು, ಅಷ್ಟೇ. ಒಳಗೆ ಬೇರಿಗೂ ಜಾಗ ಬಿಡದಷ್ಟು ಒತ್ತು ಅದು.

ಇದನ್ನು ಹರ್ಬೇರಿಯಂಗೆ ತೆಗೆಯುವುದು ಹೇಗೆ? 42 ಸೆಂಟಿಮೀಟರ್ ಉದ್ದ, 28 ಅಗಲದ ಹಾಳೆಗೆ ಬಂಡೆ ಹಿಡಿಸದು. ಈ ಗಿಡ ತೀರಾ ನಿಧಾನ ಬೆಳೆಯುವಂಥದು, ಒಂದು ಗುಮ್ಮಟದ ವಯಸ್ಸು ನನ್ನದಕ್ಕಿಂತ ಹೆಚ್ಚಿರಬಹುದು. ನಿನ್ನೆಯ ಹದಿನಾಲ್ಕು ಗಿಡಗಳು ಇನ್ನೂ ಕಣ್ಣಲ್ಲಿದ್ದವು. ಗಾಳಿಗೆ ಅಂಚು ಒಡೆದು ಸಡಿಲವಾಗಿದ್ದ ಗುಮ್ಮಟವೊಂದನ್ನು ಹುಡುಕಿ, ಆ ಒಡೆದ ಅಂಚಿನಿಂದಲೇ ಎರಡು ಬೆರಳಗಲದ ತುಂಡನ್ನು ಚಾಕುವಿನಿಂದ ಕೊಯ್ದೆ. ಮೇಲಿನಿಂದ ಕೆಳಕ್ಕೆ ಸೀಳಿದರೆ ಒಳಗಿನದು ಕಾಣುತ್ತದೆ: ಮೇಲೆ ಒಂದು ಪದರ ಹಸಿರು, ಅದರ ಕೆಳಗೆ ಒಣ ಎಲೆಗಳ ಕಂದು ಪದರಗಳು, ಅವನ್ನು ತೂರಿ ಬಂದ ದಾರದಂಥ ಕಾಂಡಗಳು. ಇಂಥ ದಪ್ಪ ತುಂಡು ಪ್ರೆಸ್ಸಿನಲ್ಲಿ ಉಬ್ಬಿ ಪಕ್ಕದ ಗಿಡಗಳ ಮೇಲೆ ಒತ್ತಡ ತಪ್ಪಿಸುತ್ತದೆ. ಸುತ್ತ ಸ್ಪಂಜು ಇಟ್ಟು ಮಟ್ಟ ಮಾಡಿದೆವು. ಕಾಯಂ ಹಾಳೆಗೆ ಇದನ್ನು ಅಂಟಿನಿಂದಲ್ಲ, ದಾರದಿಂದ ಹೊಲಿಯಬೇಕು.

ಇಳಿಯುವಾಗ ಚಾಂಗ್‌ಪಾ ಕುಟುಂಬವೊಂದರ ಡೇರೆಗೆ ಕರೆದರು. ಯಾಕ್ ಕೂದಲಿನ ಕಪ್ಪು ಡೇರೆ, ರೆಬೊ ಎನ್ನುತ್ತಾರೆ. ಒಳಗೆ ಒಣ ಸಗಣಿಯ ಬೆಂಕಿ, ಉಪ್ಪು ಬೆಣ್ಣೆ ಹಾಕಿದ ಚಹಾ, ಹುರಿದ ಬಾರ್ಲಿಯ ಹಿಟ್ಟು. ನಮ್ಮ ಹುರಿಹಿಟ್ಟಿನ ಪರಿಮಳವೇ. ಮನೆಯ ಹಿರಿಯಾಕೆಯನ್ನು ಆಮಾ-ಲೇ ಎಂದು ಮಾತನಾಡಿಸಿದೆ. ಆಚೊ-ಲೇ ಮಾತು ದಾಟಿಸಿದರು. ಪ್ರೆಸ್ ಬಿಚ್ಚಿ ತೋರಿಸುವಂತೆ ಆಕೆಯೇ ಹೇಳಿದರು. ಒಂದೊಂದು ಹಾಳೆ ತಿರುವಿದಾಗಲೂ ಆಕೆ ಹೇಳುತ್ತಿದ್ದದ್ದು ಮೊದಲು ಹೆಸರಲ್ಲ, ಅದನ್ನು ಆಡು ತಿನ್ನುತ್ತದೆಯೋ ಇಲ್ಲವೋ ಎಂಬುದು. ಇದು ಪಶ್ಮೀನಾ ಆಡಿಗೆ ಒಳ್ಳೆಯದು, ಇದನ್ನು ಕುರಿ ಮಾತ್ರ ಮುಟ್ಟುತ್ತದೆ, ಇದನ್ನು ಎರಡೂ ಮೂಸಿ ಬಿಡುತ್ತವೆ. ಅಂಟು ಮೈಯ ಆಕ್ಸಿಟ್ರೋಪಿಸ್ ಕಂಡಾಗ ತಲೆಯಾಡಿಸಿದರು. ಬುರ್ತ್ಸೆ ಎಂಬ ಕುರುಚಲು ಗಿಡ ಒಲೆಗೆ, ಶ್ರೋಲೊ ಅಂದರೆ ರೋಡಿಯೋಲಾ ಎಳೆಯದಿದ್ದಾಗ ಊಟಕ್ಕೆ. ನಾನು ದಿನಗಟ್ಟಲೆ ಕೂತು ಬರೆಯಲಾಗದ್ದನ್ನು ಆಕೆ ಒಂದು ಗಂಟೆಯಲ್ಲಿ ಹೇಳಿ ಮುಗಿಸಿದರು, ಹುಡುಗಿ ಪುಟ ತುಂಬ ಬರೆದುಕೊಂಡಳು. ಹೊರಡುವಾಗ ಆಕೆ ಕೇಳಿದ್ದು ಒಂದೇ: ಈ ಹೂವುಗಳು ನಿಮ್ಮ ಊರಿನಲ್ಲಿ ಎಷ್ಟು ದಿನ ಇರುತ್ತವೆ? ಹುಳ ಬೀಳದಂತೆ ನೋಡಿಕೊಂಡರೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳವರೆಗೆ ಎಂದೆ. ಆಚೊ-ಲೇ ಅದನ್ನು ಹೇಳಲು ತುಸು ಹೊತ್ತು ತೆಗೆದುಕೊಂಡರು.

ಎಂಟು, ಒಂಬತ್ತನೆಯ ದಿನ: ಮರಳಿ ಲೇಹ್

ರಾತ್ರಿ ಹಿಮ ಉದುರಿ ಬೆಳಿಗ್ಗೆ ಹುಲ್ಲುಗಾವಲೆಲ್ಲ ಬೆಳ್ಳಗಾಗಿತ್ತು. ಹತ್ತು ಗಂಟೆಗೆ ಕರಗಿತು; ಅದರಡಿಯಿಂದ ಹೂವುಗಳು ಏನೂ ಆಗಿಲ್ಲವೆಂಬಂತೆ ಎದ್ದವು. ಬಿಳಿ ಉಣ್ಣೆಯಲ್ಲಿ ಹೂವನ್ನು ಹುದುಗಿಸಿಕೊಂಡ ಸಾಸ್ಸುರಿಯಾ ನಫಾಲೋಡಿಸ್ ಒಂದಕ್ಕಾಗಿ ಅರ್ಧ ದಿನ ಹುಡುಕಿ, ಸಾಕಷ್ಟು ಇದ್ದ ಜಾಗ ಕಂಡ ಮೇಲೆ ಒಂದನ್ನು ತೆಗೆದೆವು. ಶ್ರೋಲೊ ಮಾತ್ರ ಇನ್ನೂ ಪ್ರೆಸ್ಸಿನಲ್ಲಿ ಹಸಿಯಾಗಿಯೇ ಇತ್ತು, ತುದಿಯಲ್ಲಿ ಹೊಸ ಎಲೆ ಬಿಡುವ ಹುಮ್ಮಸ್ಸಿನಲ್ಲಿ. ದಪ್ಪ ರಸದ ಎಲೆಗಳ ಗಿಡ ಒತ್ತಿದರೂ ಸಾಯುವುದಿಲ್ಲ. ಹೂವನ್ನು ಮೇಲೆ ಹಿಡಿದು ಎಲೆಯ ಭಾಗವನ್ನು ಕುದಿನೀರಿನಲ್ಲಿ ಅದ್ದಿ ತೆಗೆಯಬೇಕು. ಅದ್ದಿದೆವು.

ಮಾಹೆ ಸೇತುವೆ, ಚುಮಾಥಾಂಗ್, ಸಿಂಧೂ ಕೊರಕಲು. ಇಡೀ ದಾರಿ ಪ್ರೆಸ್ಸನ್ನು ಮಡಿಲಲ್ಲಿ ಇಟ್ಟುಕೊಂಡೇ ಕುಳಿತಿದ್ದೆ.

ಲೇಹ್‌ನಲ್ಲಿ ಕೊನೆಯ ಸಲ ಕಾಗದ ಬದಲಿಸಿ ಪಟ್ಟಿ ಮಾಡಿದೆವು. 1ರಿಂದ 71. ಹುಡುಗಿ ಓದುತ್ತಾ ಹೋದಳು, ನಾನು ಹಾಳೆ ನೋಡಿ ಗುರುತು ಹಾಕುತ್ತಾ ಹೋದೆ. ನಲವತ್ತಕ್ಕೆ ಬಂದು ನಿಂತಳು.

"41ಕ್ಕೆ ಬದಲು 47 ಎಂದು ಬರೆದಿದೆ, ಸರಿ. 42 ಖಾಲಿ ಇದೆ ಮೇಡಂ. ಮುಂದಿನ ಸಂಖ್ಯೆಗಳನ್ನು ಒಂದೊಂದು ಹಿಂದಕ್ಕೆ ಸರಿಸೋಣವೇ? ಇನ್ನೂ ಚೀಟಿಗಳು ಪೆನ್ಸಿಲಿನಲ್ಲೇ ಇವೆ."

ಬೇಡ ಎಂದೆ. ಪುಸ್ತಕ ತೆಗೆದುಕೊಂಡು 42ರ ಮುಂದೆ ತುಂಬಿದೆ: ಡ್ರಾಬಾ, ಬಿಳಿ ಹೂವು, ಪೊಲೊಕೊಂಗ್ಕಾ ಲಾ, ದಕ್ಷಿಣದ ಇಳಿಜಾರು, ಚೂರುಗಲ್ಲು. ಎರಡು ಗಿಡ ಕಿತ್ತು ಗುರುತು ಕಳೆದಿದ್ದೇನೆ. ಉಳಿದಿರುವುದು 14. ಮಾದರಿ ಇಲ್ಲ.